ಹದಿನಾಲ್ಕನೇ ಕೂಗು

ಅಕ್ಟೋಬರ್ ೧೯, ೧೯೯೪

ಈ ಪುಸ್ತಕ ನನ್ನದಲ್ಲ. ನನ್ನ ಗಂಡ ಥುಂಗ್ ದೆಷುನ್ ಎಂಬ ಮಹಾನುಭಾವ ತನ್ನ ಹಕ್ಕಿಯ ಲೆಕ್ಕಾಚಾರ ಬರೆದಿಡುವ ಪುಸ್ತಕ. ಹಕ್ಕಿ ಏನು ತಿಂತು, ಎಷ್ಟು ಹೊತ್ತು ಹಾಡಿತು, ಹಿಕ್ಕೆ ಗಟ್ಟಿಯಿತ್ತೋ ನೀರಾಗಿತ್ತೋ, ಮುಂದಿನ ಹಾಳೆಗಳ ತುಂಬ ಇದೇ. ನನ್ನ ಹೆಸರು ಹುಡುಕಿದೆ. ಒಂದೇ ಒಂದು ಕಡೆ ಸಿಕ್ಕಿತು: 'ವೆನ್‌ಶೂಗೆ ಜ್ವರ, ಮೊಟ್ಟೆ ನಾನೇ ಬೇಯಿಸಿದೆ.' ಆ ಮೊಟ್ಟೆಯೂ ನನಗಲ್ಲ, ಹಕ್ಕಿಗೆ. ಅದಕ್ಕೇ ಪುಸ್ತಕ ತಿರುಗಿಸಿ ಹಿಂದಿನ ಹಾಳೆಯಿಂದ ನಾನು ಬರೀತಿದೀನಿ. ಅವನಿಗೆ ಬಲಗೈ ಏಳಲ್ಲ, ಕೇಳೋರು ಯಾರು?

ನಿನ್ನೆ ಆಸ್ಪತ್ರೆಯಿಂದ ಕರಕೊಂಡು ಬಂದ್ವಿ. ಮಗಳು ಯೂನ್ ಒಂದು ಕಡೆ, ಅಳಿಯ ಒಂದು ಕಡೆ ಹಿಡಿದು ಅಂಗಳ ದಾಟಿಸಿದರು. ಬಲಭಾಗ ಪೂರ್ತಿ ಬಿದ್ದುಹೋಗಿದೆ. 'ಆ... ಆ...' ಅನ್ನೋದು ಬಿಟ್ಟರೆ ನಾಲಿಗೆ ಏಳಲ್ಲ ಅಂತ ಡಾಕ್ಟರು ಕೈಚೆಲ್ಲಿದರು. ಮೂರು ವಾರ ಆಸ್ಪತ್ರೆ ಬೆಂಚಿನ ಮೇಲೆ ಮಲಗಿ ನನ್ನ ಸೊಂಟ ಹಿಡಕೊಂಡಿದೆ. ಮನೆಗೆ ಬಂದು ದಿಂಬಿಗೆ ಒರಗಿಸಿ ಕಂಬಳಿ ಹೊದೆಸಿದೆ. ಇನ್ನೇನು ನನ್ನ ಕೈ ಹಿಡಕೊಂಡು ಒಂದು ಹನಿ ಕಣ್ಣೀರು ಹಾಕ್ತಾನೆ ಅಂದುಕೊಂಡೆ. ಎಡಗೈ ಎತ್ತಿ ಕಿಟಕಿ ಕಡೆ ತೋರಿಸಿದ. ಪಂಜರ!

"ಅಪ್ಪ ಹಕ್ಕೀನ ಕೇಳ್ತಿದಾರಮ್ಮ," ಅಂದಳು ಯೂನ್.

"ನನಗೂ ಕಣ್ಣಿದೆ ಕಣೆ," ಅಂದೆ.

ಎದುರುಮನೆ ಫಾಂಗ್ ಅವರ ಸೊಸೆ ಯೆನ್‌ಚಿಯು ಮೂರು ವಾರ ಪಂಜರದ ಆ ನೆಲಗುಬ್ಬಿಗೆ ಹಿಟ್ಟು ನೀರು ಹಾಕಿ ಉಳಿಸಿದ್ದಳು. ಉಳಿಸದಿದ್ದರೂ ನಡೀತಿತ್ತು. ಚ್ಚ್! ಎಂಥ ಜನ್ಮ ನನ್ನದು.

ಅಕ್ಟೋಬರ್ ೨೨

ಬೆಳಿಗ್ಗೆ ಐದೂವರೆಗೆ ಮುದುಕ ಎಡಗೈಲಿ ಗೋಡೆ ಬಡಿಯೋಕೆ ಶುರು ಮಾಡ್ತಾನೆ. ಹಕ್ಕೀನ ದಿನಾ ಕೆರೆ ತೋಟಕ್ಕೆ ಒಯ್ಯಬೇಕು, ಇಲ್ಲದಿದ್ದರೆ ಹಾಡು ಮರೆತುಹೋಗುತ್ತೆ, ಅದಕ್ಕೆ. ಮೂರು ದಿನ ಗೋಡೆ ಬಡಿಯೋದು ಕೇಳಿಸಿಕೊಂಡೆ. ಇವತ್ತು ಪಂಜರಕ್ಕೆ ನೀಲಿ ಬಟ್ಟೆ ಹೊದಿಸಿ ಎತ್ತಿಕೊಂಡು ಹೊರಟೆ.

ತೋಟದಲ್ಲಿ ಕಲ್ಲುಮೇಜಿನ ಸುತ್ತ ಇಪ್ಪತ್ತು ಗಂಡಸರು, ಇಪ್ಪತ್ತು ಪಂಜರ. ಹೆಂಗಸರ ಸುಳಿವೇ ಇಲ್ಲ. ರಸ್ತೇಲಿ ಎಷ್ಟೋ ಜನ ಪಂಜರ ತೂಗಾಡಿಸಿಕೊಂಡು ಹೋಗೋದನ್ನ ನೋಡಿದ್ದೆನಲ್ಲ, ನಾನೂ ಹಾಗೇ ತೂಗುತ್ತ ಬಂದೆ. ಬೆಂಕಿ ಬಿದ್ದ ಹಾಗೆ ಎಲ್ಲರೂ ಎದ್ದು ನಿಂತರು.

"ಅತ್ತಿಗೇ! ಅಲ್ಲಾಡಿಸಬೇಡಿ! ನೆಲಗುಬ್ಬೀನ ಯಾರಾದ್ರೂ ತೂಗ್ತಾರೇನ್ರೀ? ಅದು ನೆಲದ ಹಕ್ಕಿ, ತಲೆ ತಿರುಗುತ್ತೆ!"

ಹೀಗೆ ಕೂಗಿದವರು ಗ್ವಾನ್ ಯಜಮಾನರು. ಎಪ್ಪತ್ತಾರು ವರ್ಷ, ಕೈಯಲ್ಲಿ ಯಾವಾಗಲೂ ಎರಡು ಅಕ್ರೋಟು ಹೊರಳಿಸ್ತಿರ್ತಾರೆ, ಆ ತೋಟದ ಹಕ್ಕಿಗಳಿಗೆಲ್ಲ ಅವರೇ ನ್ಯಾಯಾಧೀಶರು. ಪಂಜರ ನನ್ನ ಕೈಯಿಂದ ಇಸಕೊಂಡು, "ಇದನ್ನ ಇಲ್ಲಿಟ್ಟು ನೀವು ತರಕಾರಿ ತಗೊಂಡ್ ಬನ್ನಿ. ಇದು ಹೆಂಗಸರ ಕೆಲಸ ಅಲ್ಲ," ಅಂದರು.

"ಹಾಗಾದ್ರೆ ನಿಮ್ಮ ಮನೇಲಿ ಹಿಕ್ಕೆ ಬಳಿಯೋದು ಯಾರು ಯಜಮಾನ್ರೇ, ನೀವೇನಾ?" ಅಂದೆ.

ಯಾರೋ ಕಿಸಕ್ಕನೆ ನಕ್ಕರು. ಯಜಮಾನರು ನಗಲಿಲ್ಲ. ನಾನು ತರಕಾರಿಗೂ ಹೋಗಲಿಲ್ಲ. ಅಲ್ಲೇ ಮರದ ಕೆಳಗೆ ಒಂದೂವರೆ ಗಂಟೆ ನಿಂತಿದ್ದೆ. ಕೂತ್ಕೊಳ್ಳಿ ಅಂತ ಒಬ್ಬನಾದರೂ ಅನ್ನಬೇಕಲ್ಲ!

ಅಕ್ಟೋಬರ್ ೩೧

ಹಕ್ಕಿಗೆ ಬೆಂದ ಮೊಟ್ಟೆಯ ಹಳದಿ, ಹುರಿದ ಹಿಟ್ಟು, ಬೆರಳಲ್ಲಿ ತಿಕ್ಕಿ ತಿಕ್ಕಿ ಮರಳಿನ ಹಾಗೆ ಮಾಡಿ ಕೊಡಬೇಕು. ಬಿಳಿ ಭಾಗ ನನಗೆ. ಮದುವೆಯಾದಾಗಿನಿಂದ ನಾನು ಮೊಟ್ಟೆಯ ಬಿಳಿ ತಿಂದೇ ಬದುಕಿದವಳು.

ಇದು ಬರೀದೆ ಇದ್ದರೆ ಹೊಟ್ಟೆ ಒಡೆದುಹೋಗುತ್ತೆ, ಬರೆದೇಬಿಡ್ತೀನಿ. ನೆಲಗುಬ್ಬಿಗೆ ಸ್ವಂತ ಹಾಡು ಅಂತ ಇದ್ದರೂ ಈ ಗಂಡಸರಿಗೆ ಅದು ಬೇಡ. ಹದಿಮೂರು ಕೂಗು ಕಲಿಸ್ತಾರೆ. ಗುಬ್ಬಿಗಳ ಜಗಳದಿಂದ ಶುರು, ಮಧ್ಯೆ ಮೊಟ್ಟೆ ಇಟ್ಟ ಕೋಳಿ, ಬೆಕ್ಕು, ಕಿರುಗುಟ್ಟೋ ನೀರಿನ ಗಾಡಿ, ಗಾಲಿಗೆ ಸಿಕ್ಕಿ ಕಿರುಚೋ ನಾಯಿ, ಕೊನೆಗೆ ಹದ್ದಿನ ಸಿಳ್ಳೆ. ಒಂದರ ಹಿಂದೆ ಒಂದು, ಹಿಂದುಮುಂದಾಗೋ ಹಾಗಿಲ್ಲ. ಪಟ್ಟಿಯಲ್ಲಿ ಇಲ್ಲದ ಒಂದೇ ಒಂದು ಸದ್ದು ಹಕ್ಕಿ ಕಲಿತರೂ ಮುಗೀತು, ಅದು 'ಹೊಲಸು ಬಾಯಿ'. ಉಳಿದ ಹಕ್ಕಿಗಳು ಅದನ್ನ ಕೇಳಿ ಕೆಡಬಾರದು ಅಂತ ತೋಟಕ್ಕೇ ಸೇರಿಸಲ್ಲ.

ಅರವತ್ತಮೂರರಲ್ಲಿ ಯೂನ್ ಹುಟ್ಟಿದಾಗ ಈ ಮನುಷ್ಯನ ಹತ್ತಿರ ಒಂದು ಹಕ್ಕಿ ಇತ್ತು. ಮಗು ಅತ್ತರೆ ಹಕ್ಕಿ ಕಲಿತುಬಿಡುತ್ತೆ ಅಂತ ಬಾಣಂತೀನ, ಮೂವತ್ತು ದಿನದ ಕೂಸಿನ ಸಮೇತ, ತವರಿಗೆ ಸಾಗಹಾಕಿದ. ಹೆಂಡತಿ ಮಗು ಮನೆಯಿಂದ ಹೊರಗೆ, ಹಕ್ಕಿ ಮನೆಯ ಒಳಗೆ! ಮೂರು ತಿಂಗಳು ಬಿಟ್ಟು ಬಂದೆ. ಹದಿನೈದು ದಿನಕ್ಕೆ ಹಕ್ಕಿ ಯೂನ್ ಅಳುವ ಹಾಗೇ 'ಊಂವ್ಞಾ' ಅಂತು. ಅವತ್ತೇ ಯಾವುದೋ ಹಳ್ಳಿಯವನಿಗೆ ಪುಕ್ಕಟೆ ಕೊಟ್ಟುಬಿಟ್ಟು ಎರಡು ದಿನ ಊಟ ಬಿಟ್ಟ. ಮಗಳ ಮುಖ ಒಂದು ತಿಂಗಳು ನೋಡಲಿಲ್ಲ.

ಮುಂದೆ ಹನ್ನೆರಡು ವರ್ಷ ಹಕ್ಕಿ ಸಾಕೋದು ಶ್ರೀಮಂತರ ಶೋಕಿ, ಅದೇ ಅಪರಾಧ ಅನ್ನೋ ಕ್ರಾಂತಿಯ ಕಾಲ ಬಂತು. ಜನ ಆ ಕಾಲವನ್ನ ನೆನೆದು ನಡುಗ್ತಾರೆ. ನಾನೂ ನಡುಗ್ತೀನಿ. ಆದರೆ ಆ ಹನ್ನೆರಡು ವರ್ಷ ನನ್ನ ಗಂಡ ನನ್ನ ಜೊತೆ ಮಾತಾಡಿದ್ದ.

ನವೆಂಬರ್ ೯

ಚಳಿಗಾಲದ ಎಲೆಕೋಸು ಬಂತು. ನೂರು ಕೆಜಿ ಕೋಸು ನಾನೂ ಯೆನ್‌ಚಿಯುವೂ ಸೇರಿ ಅಂಗಳದ ಗೋಡೆಗೆ ಒಟ್ಟಿದ್ವಿ.

ಬೆಳಿಗ್ಗೆ ತೋಟದಲ್ಲಿ ಒಂದು ಸಂಗತಿ ಆಯ್ತು. ನಮ್ಮದನ್ನ ಮೇಜಿನ ಮೇಲಿಟ್ಟು ಹೊದಿಕೆ ತೆಗೆದೆ. ಪಂಜರದ ನಡುವಿನ ಪೀಠದ ಮೇಲೆ ಹತ್ತಿ, ರೆಕ್ಕೆ ಅರ್ಧ ಬಿಚ್ಚಿ, ಗುಬ್ಬಿಯಿಂದ ಹಿಡಿದು ಹದ್ದಿನವರೆಗೆ ಹದಿಮೂರೂ ಒಂದೇ ಉಸಿರಲ್ಲಿ ಹಾಡಿಬಿಡ್ತು. ನಾಯಿ ಕಿರುಚಿದಾಗ ನಿಜವಾದ ನಾಯಿಯೊಂದು ತಿರುಗಿ ನೋಡ್ತು. ಗ್ವಾನ್ ಯಜಮಾನರ ಕೈಯಲ್ಲಿ ಅಕ್ರೋಟು ನಿಂತುಹೋಯ್ತು.

"ದೆಷುನ್ ಗೆದ್ದ," ಅಂದರು. "ಬರೋ ಬೇಸಿಗೇಲಿ ಹುಲ್ಲುಗಾವಲಿಂದ ಮರಿಗಳು ಬರ್ತಾವಲ್ಲ, ಅವಕ್ಕೆಲ್ಲ ಇದೇ ಗುರು. ನನ್ನ ಮರಿಗಳನ್ನೂ ಇದರ ಮುಂದೇ ಇಡ್ತೀನಿ."

ಗುರು ಅನ್ನಿಸಿಕೊಳ್ಳೋ ಹಕ್ಕಿಗಾಗಿ ನಮ್ಮನೆಯವರು ನಲವತ್ತು ವರ್ಷ ಕಾದಿದ್ದರು. ಮನೆಗೆ ಬಂದು ಹೇಳಿದೆ. ಹೇಳೋದೇ ತಡ, ಕಣ್ಣಲ್ಲಿ ನೀರು ಸುರೀತು. ನನ್ನ ಮದುವೆ ದಿನ ಬರದ ನೀರು, ಮಗಳು ಹುಟ್ಟಿದಾಗ ಬರದ ನೀರು! ಮುಖ ಒರೆಸಿದೆ, ಏನು ಮಾಡೋದು.

ಆದರೂ ಒಂದು ಮಾತು. 'ದೆಷುನ್ ಗೆದ್ದ' ಅಂತೆ. ಇಪ್ಪತ್ತು ದಿನದಿಂದ ಹೊತ್ತುಕೊಂಡು ಹೋಗ್ತಿರೋಳು ಯಾರು?

ನವೆಂಬರ್ ೨೦

ಇವತ್ತು ಹೊಸ ಹಟ. ಕಿಟಕಿ ಪಕ್ಕ ಕೂತು ಇವರ ಕಾಲು ತಿಕ್ಕುತ್ತಿದ್ದೆ. ಈ ಚಳೀಲಿ ಕಾಲು ಕೊರಡಾಗುತ್ತೆ, ಎಷ್ಟು ತಿಕ್ಕಿದರೂ ಬೆಚ್ಚಗಾಗಲ್ಲ. ಚ್ಚ್ ಚ್ಚ್, ಏನು ಗತಿ ಬಂತು ಅಂದುಕೊಂಡು ತಿಕ್ಕುತ್ತಿದ್ದರೆ, ಎಡಗೈಲಿ ತನ್ನ ಬಾಯಿ ತೋರಿಸಿದರು. ಹಸಿವೇನೋ ಅಂತ ಗಂಜಿ ತಂದೆ. ತುಟಿ ಬಿಗಿದರು. ನೀರು ತಂದೆ. ಲೋಟ ತಳ್ಳಿ ನನ್ನ ಅಂಗಿಯೆಲ್ಲ ಒದ್ದೆ ಮಾಡಿದರು. ಮತ್ತೆ ಬಾಯಿ ತೋರಿಸಿದರು. ಹಲ್ಲುನೋವಾ ಅಂದೆ. ಅಲ್ಲ. ನಾಲಿಗೆ ಸುಟ್ಟಿದೆಯಾ ಅಂದೆ. ಅಲ್ಲ.

"ಹಾಗಾದ್ರೆ ಇನ್ನೇನ್ ಬೇಕ್ರೀ ನಿಮಗೆ? ನನ್ನ ಪ್ರಾಣ ಒಂದು ಬಾಕಿ ಇದೆ, ಅದನ್ನೂ ಬೇಯಿಸಿ ಹಾಕ್ಲಾ?"

ಮುಖ ಗೋಡೆ ಕಡೆ ತಿರುಗಿಸಿಕೊಂಡರು.

ನವೆಂಬರ್ ೨೭

ಮೈಯೆಲ್ಲ ಉರೀತಿದೆ. ಮಧ್ಯಾಹ್ನ ಹಕ್ಕಿ ಬೆಕ್ಕು ಮುಗಿಸಿ ನೀರಿನ ಗಾಡಿಗೆ ಹೋಗೋ ಮುಂಚೆ ಏನೋ ಒಂದು ಸದ್ದು ಮಾಡ್ತು. ಕಿವಿಗೊಟ್ಟು ಕೂತೆ. ಅರ್ಧ ಗಂಟೆ ಬಿಟ್ಟು ಮತ್ತೆ. 'ಚ್ಚ್ ಚ್ಚ್ ಚ್ಚ್.'

ಇದು ಯಾವ ಸದ್ದು ಅಂತ ಯೋಚಿಸ್ತಿರೋವಾಗಲೇ ಅಂಗಳದ ಆಚೆಯಿಂದ ಕೇಳಿಸಿತು. ಯೆನ್‌ಚಿಯು ಹೋದ ತಿಂಗಳು ಹೊಸ ಗ್ಯಾಸ್ ಒಲೆ ತಂದಿದಾಳೆ. ಗುಂಡಿ ತಿರುಗಿಸಿದರೆ ಟಿಕ್ ಟಿಕ್ ಟಿಕ್, ಮೂರು ಸಲ ಹೊಡೆದುಕೊಂಡು ಆಮೇಲೆ ಹತ್ತುತ್ತೆ. ಸಿಕ್ಕಿಬಿದ್ದಳು!

ಚಪ್ಪಲಿ ಮೆಟ್ಟಿಕೊಂಡು ಹೋದೆ. "ಏನೇ, ನಲವತ್ತು ವರ್ಷದ ತಪಸ್ಸನ್ನ ನಿನ್ನ ಒಂದು ಒಲೆ ಹಾಳು ಮಾಡ್ತಿದೆಯಲ್ಲೇ!"

"ಏನಾಯ್ತು ದೊಡ್ಡಮ್ಮ? ಒಲೆ ಏನ್ ಮಾಡ್ತು?"

"ನಮ್ಮ ಹಕ್ಕಿಗೆ ಹೊಲಸು ಬಾಯಿ ಕಲಿಸ್ತು! ಇವತ್ತಿಂದ ಬೆಂಕಿಕಡ್ಡೀಲಿ ಹಚ್ಚು."

"ಅಯ್ಯೋ ದೊಡ್ಡಮ್ಮ, ಬೆಂಕಿಕಡ್ಡಿ ಬೇಡ ಅಂತಾನೇ ಈ ಒಲೆ ತಂದಿದ್ದು! ಅಲ್ಲಾ, ಹೋದ ತಿಂಗಳವರೆಗೂ ಆ ಹಕ್ಕೀನ ಪೀಡೆ ಪೀಡೆ ಅಂತಿದ್ರಿ?"

"ಪೀಡೆಯೋ ಪಿಶಾಚಿಯೋ, ನಮ್ಮ ಮನೇದು ನಮಗೆ," ಅಂದೆ. ಎಂಥ ಬಾಯಿ ಈ ಕಾಲದವರದು!

ಡಿಸೆಂಬರ್ ೩

ಯೆನ್‌ಚಿಯು ಬೆಂಕಿಕಡ್ಡಿ ಹಚ್ಚುತ್ತಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ಹಕ್ಕಿ ಇವತ್ತು ನಾಲ್ಕು ಸಲ.

ಡಿಸೆಂಬರ್ ೧೧

ಇವತ್ತು ಏಳು ಸಲ. ಎದುರುಮನೆ ಒಲೆ ಸುಮ್ಮನಿದೆ. ಹಾಗಾದರೆ ಎಲ್ಲಿಂದ ಬರ್ತಿದೆ ಇದು? ಮೂಲೆಮನೆಯವರ ಹೊಲಿಗೆ ಯಂತ್ರಾನಾ? ಸೈಕಲ್ ಬೀಗಾನಾ? ಗ್ವಾನ್ ಯಜಮಾನರ ಅಕ್ರೋಟು! ಹೌದು, ದಿನಾ ಬೆಳಿಗ್ಗೆ ಹಕ್ಕಿಯ ಮುಂದೆ ಕಟಕಟ ಅನ್ನಿಸ್ತಾರಲ್ಲ! ತಾವೇ ಕೆಡಿಸಿ ತಾವೇ ತೀರ್ಪು ಕೊಡೋರು.

ನಮ್ಮನೆಯವರು ಬಾಯಿ ತೋರಿಸೋದು ಇನ್ನೂ ನಿಲ್ಲಿಸಿಲ್ಲ. ಇವತ್ತು ತನ್ನ ಬಾಯಲ್ಲ, ನನ್ನ ಬಾಯಿ. ಎಡಗೈ ಚಾಚಿ ನನ್ನ ತುಟಿ ಮೇಲೆ ಬೆರಳಿಟ್ಟರು. ಸುಮ್ಮನಿರು ಅಂತ! ನನಗೆ! ಮೂವತ್ತನಾಲ್ಕು ವರ್ಷ ಸಂಸಾರ ಮಾಡಿ, ಬಾಯಿಗೆ ಬೀಗ ಹಾಕಿಕೊಂಡು, ಈಗ ನಾಲ್ಕು ಮಾತು ಆಡೋ ಹೊತ್ತಿಗೆ ಸುಮ್ಮನಿರಬೇಕಂತೆ. ಬೆರಳು ತಳ್ಳಿ ಎದ್ದುಹೋದೆ. ಕೋಸು ಕತ್ತರಿಸುತ್ತ ಅತ್ತೆ. ಈರುಳ್ಳಿ ಅಂತ ಹೇಳೋಕೂ ಆಗಲಿಲ್ಲ.

ಡಿಸೆಂಬರ್ ೧೮, ಭಾನುವಾರ

ಬರೀಬೇಕೋ ಬೇಡವೋ ಗೊತ್ತಾಗ್ತಿಲ್ಲ.

ಒಂದು ವಾರದಿಂದ ತೋಟಕ್ಕೆ ಹೋಗಿರಲಿಲ್ಲ, ಚಳಿ ಅಂತ ನೆಪ ಹೇಳಿದ್ದೆ. ಇವತ್ತು ಗ್ವಾನ್ ಯಜಮಾನರು ಬೇರೆ ತೋಟದ ಮೂವರು ಹಿರಿಯರನ್ನ ಕರೆಸಿದ್ದರು, ಗುರು ಹಕ್ಕೀನ ಕೇಳಿಸೋಕೆ. ಹೋಗದೆ ಇದ್ದರೆ ಅನುಮಾನ ಬರುತ್ತೆ. ದಾರಿಯುದ್ದಕ್ಕೂ ಪಂಜರದ ಹತ್ತಿರ ಬಾಯಿಟ್ಟು, "ಇವತ್ತೊಂದು ದಿನ ಮಾನ ಉಳಿಸಪ್ಪ, ನಾಳೆಯಿಂದ ನಿನಗೆ ಎರಡು ಹಳದಿ," ಅಂತ ಬೇಡಿಕೊಂಡೆ.

ಮೊದಲು ಯಜಮಾನರಿಗೆ ಹೇಳಿದೆ, "ಆ ಅಕ್ರೋಟು ಜೇಬಿಗೆ ಹಾಕ್ಕೊಳ್ಳಿ."

"ಯಾಕೆ ಅತ್ತಿಗೆ?"

"ಹಾಕ್ಕೊಳ್ಳಿ ಅಂದ್ರೆ ಹಾಕ್ಕೊಳ್ಳಿ."

ಹಾಕಿಕೊಂಡರು. ಹೊದಿಕೆ ತೆಗೆದೆ. ಗುಬ್ಬಿ, ಕೋಳಿ, ಎಲ್ಲ ಮುತ್ತು ಪೋಣಿಸಿದ ಹಾಗೆ. ಹೊರಗಿನಿಂದ ಬಂದ ಒಬ್ಬ ಮುದುಕರು ಕಣ್ಣು ಮುಚ್ಚಿಕೊಂಡು ತಲೆದೂಗ್ತಿದ್ದರು. ಬೆಕ್ಕು ಬಂತು. ಬೆಕ್ಕು ಮುಗೀತು.

'ಚ್ಚ್ ಚ್ಚ್ ಚ್ಚ್.'

ಪಕ್ಕದವರೆಲ್ಲ ದಡಬಡ ತಮ್ಮ ತಮ್ಮ ಪಂಜರಗಳಿಗೆ ಹೊದಿಕೆ ಎಳೆದರು, ಊರಿಗೆ ಸಿಡುಬು ಬಂದ ಹಾಗೆ. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಮನೇಲಿ ಮಲಗಿರೋ ಇವರ ಮುಖ ಕಣ್ಣಮುಂದೆ ಬಂತು, ಅವತ್ತು ಸುರಿದ ಕಣ್ಣೀರು ಬಂತು. ಸಂಕಟ ತಡೀಲಾರದೆ, "ಚ್ಚ್ ಚ್ಚ್ ಚ್ಚ್, ಹೀಗಾಗಬಾರದಿತ್ತು," ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಕಣ್ಣು ಮುಚ್ಚಿಕೊಂಡಿದ್ದ ಮುದುಕರು ಕಣ್ಣು ಬಿಟ್ಟು ಒಂದು ಸಲ ಹಕ್ಕೀನ, ಒಂದು ಸಲ ನನ್ನ ನೋಡಿ ಹೊಟ್ಟೆ ಹಿಡಕೊಂಡು ನಕ್ಕರು. "ಗ್ವಾನ್, ಗುರು ಯಾರು ಅಂತ ಈಗ ಗೊತ್ತಾಯ್ತು ಬಿಡಯ್ಯ! ನಿಮ್ಮ ತೋಟದಲ್ಲಿ ಹದಿನಾಲ್ಕನೇ ಕೂಗೂ ಕಲಿಸ್ತಾರೆ!"

ಎಲ್ಲರೂ ನಕ್ಕರು. ಗ್ವಾನ್ ಯಜಮಾನರು ಮಾತ್ರ ನಗಲಿಲ್ಲ. ತಾವೇ ನಮ್ಮ ಹಕ್ಕಿಗೆ ಹೊದಿಕೆ ಹಾಕಿ ಮೆತ್ತಗೆ ಹೇಳಿದರು. "ಮನೆಗೆ ಕರಕೊಂಡು ಹೋಗಿ ಅತ್ತಿಗೆ. ಇನ್ನು ಇಲ್ಲಿಗೆ ತರೋ ಹಾಗಿಲ್ಲ."

ಅವರು ಬೈದಿದ್ದರೆ ವಾಸಿಯಿತ್ತು. ಬೈದಿದ್ದರೆ ನಾನೂ ಬೈಯಬಹುದಿತ್ತು.

ನಾನಾ? ನಾನು ಅಷ್ಟೊಂದು ಲೊಚಗುಟ್ಟುತ್ತೀನಾ?

ಡಿಸೆಂಬರ್ ೧೯

ಎಣಿಸಿದೆ. ಮಧ್ಯಾಹ್ನದೊಳಗೆ ನಾನೇ ಇಪ್ಪತ್ತಾರು ಸಲ. ಆಮೇಲೆ ಎಣಿಸಲಿಲ್ಲ.

ಡಿಸೆಂಬರ್ ೨೫

ಎಣಿಸಿದ ಮಾರನೇ ದಿನವೇ ಯೆನ್‌ಚಿಯು ಮನೆಗೆ ಹೋಗಿ, "ಒಲೆ ಗುಂಡಿ ತಿರುಗಿಸ್ಕೋ," ಅಂದೆ.

"ಯಾಕೆ ದೊಡ್ಡಮ್ಮ, ಒಲೆ ಬಿಡುಗಡೆ ಆಯ್ತಾ?"

"ಆಯ್ತು. ಕಳ್ಳಿ ಸಿಕ್ಕಿದಳು." ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ನನ್ನ ಜನ್ಮದಲ್ಲಿ ನನಗಿಂತ ಕಿರಿಯರ ಹತ್ತಿರ ತಪ್ಪಾಯ್ತು ಅಂದಿದ್ದು ಇದೇ ಮೊದಲು. ಅವಳು ನಕ್ಕೂ ನಕ್ಕೂ ಕೊನೆಗೆ ನನ್ನ ಕೈಗೊಂದು ಪೊಟ್ಟಣ ಒಣ ಬೋರೆಹಣ್ಣು ತುರುಕಿದಳು. "ಒಂದೊಂದೇ ಬಾಯಲ್ಲಿ ಇಟ್ಕೊಂಡಿರಿ. ನಾಲಿಗೆಗೆ ಜಾಗ ಇರಲ್ಲ."

ಅವತ್ತಿಂದ ಬಾಯಲ್ಲಿ ಬೋರೆಹಣ್ಣು. ಪಂಜರಾನ ದೊಡ್ಡ ಮಣ್ಣಿನ ಹಂಡೆಯೊಳಗೆ ಇಳಿಸಿ ಮೇಲೆ ಹತ್ತಿ ರಜಾಯಿ ಮುಚ್ಚಿದೀನಿ, ಹೊರಗಿನ ಸದ್ದು ಬೀಳದ ಹಾಗೆ. ಮರಿಗಳಿಗೆ ಹಾಗೇ ಮಾಡ್ತಾರೆ ಅಂತ ಇವರ ಪುಸ್ತಕದ ಮುಂದಿನ ಹಾಳೆಗಳಲ್ಲಿ ಬರೆದಿದೆ, ಓದಿಕೊಂಡೆ. ಉಪಯೋಗವಿಲ್ಲ. ರಜಾಯಿಯೊಳಗಿಂದಲೂ ನನ್ನದೇ ಸದ್ದು ಬರುತ್ತೆ.

ಇವರಿಗೆ ಮೊದಲೇ ಗೊತ್ತಿತ್ತು. ಬಾಯಿ ತೋರಿಸಿದ್ದು ಅದಕ್ಕೇ. ನಾನು ಗಂಜಿ ತಂದು ಕೊಟ್ಟೆ. ತೋಟದಲ್ಲಿ ನಡೆದಿದ್ದನ್ನ ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ. ಇವರೂ ಈಗ ಬೆಳಿಗ್ಗೆ ಗೋಡೆ ಬಡಿಯೋದು ನಿಲ್ಲಿಸಿದ್ದಾರೆ.

ಜನವರಿ ೮, ೧೯೯೫

ಇವತ್ತು ಎಂಟು ಕಾಳಿನ ಗಂಜಿ ಕುಡಿಯೋ ಹಬ್ಬದ ದಿನ. ಬೆಳಿಗ್ಗೆಯೇ ಬೇಯಿಸಿ ಎದುರುಮನೆಗೂ ಒಂದು ಬಟ್ಟಲು ಕೊಟ್ಟು ಬಂದೆ. ವಾಪಸು ಬರೋ ಹೊತ್ತಿಗೆ ಬಾಗಿಲಲ್ಲಿ ಗ್ವಾನ್ ಯಜಮಾನರು. ಕೈಯಲ್ಲಿ ಹೊಸ ಹೊದಿಕೆಯ ಪಂಜರ.

ಒಳಗೆ ಬಂದು ಹಾಸಿಗೆ ಪಕ್ಕ ಕೂತರು. ತೋಟದಲ್ಲಿ ಆಗಿದ್ದೆಲ್ಲ ಇವರಿಗೆ ಹೇಳಿಬಿಟ್ಟರು. ನಾನು ಒಲೆ ಕಡೆ ತಿರುಗಿ ನಿಂತೆ.

"ದೆಷುನ್, ನಿನಗೆ ಅಂತ ನನ್ನ ಹಕ್ಕೀನೇ ತಂದಿದೀನಿ. ಎರಡು ವರ್ಷದ್ದು, ಶುದ್ಧ ಬಾಯಿ. ಬೇಸಿಗೇಲಿ ಮರಿಗಳು ನಿನ್ನ ಮನೆಗೇ ಬರ್ತಾವೆ, ನಿನ್ನ ಹೆಸರಲ್ಲೇ ಕಲೀತಾವೆ. ಆದ್ರೆ ನಿನ್ನ ಹಳೇ ಹಕ್ಕಿ ಈ ಮನೇಲಿ ಇರೋ ಹಾಗಿಲ್ಲ. ಇದ್ದರೆ ನಿನ್ನ ಹತ್ತಿರ ಯಾರೂ ಮರಿ ಬಿಡಲ್ಲ. ನನಗೆ ಗೊತ್ತಿರೋ ಹಳ್ಳಿಯವನೊಬ್ಬ ಇದಾನೆ, ಚೆನ್ನಾಗಿ ನೋಡ್ಕೋತಾನೆ. ನಿನಗೆ ನಾನು ಹೇಳಿಕೊಡಬೇಕಾ? ಮೂವತ್ತೊಂದು ವರ್ಷದ ಹಿಂದೆ ಯಾರೂ ಹೇಳದೆ ನೀನೇ ಮಾಡಿದವನು."

ಮೂವತ್ತೊಂದು ವರ್ಷ. ಅವರಿಗೂ ನೆನಪಿದೆ! ಇವರ ಕಡೆ ನೋಡಲೂ ಇಲ್ಲ, ನೋಡೋ ಅಗತ್ಯವೇನು, ತಲೆ ಆಡಿಸ್ತಾರೆ ಅಂತ ಗೊತ್ತೇ ಇದೆಯಲ್ಲ. ಹೆಂಡತಿ ಕೂಸನ್ನ ಕಳಿಸಿದ ಮನುಷ್ಯ. ಹಂಡೆ ಮೇಲಿನ ರಜಾಯಿ ಕಿತ್ತೆಸೆದೆ, ಪಂಜರ ಎತ್ತಿದೆ.

"ತಗೊಂಡ್ ಹೋಗಿ! ನನ್ನ ಬಾಯಿ ಹೊಲಸು, ನನ್ನ ಮಗಳ ಬಾಯಿ ಹೊಲಸು, ಈ ಮನೇಲಿ ನಿಮ್ಮ ಕೋಳಿ ನಾಯಿ ಬೆಕ್ಕಿಗೆ ಇರೋ ಮರ್ಯಾದೆ ನಮಗಿಲ್ಲ! ನನ್ನೂ ಒಂದು ಪಂಜರದಲ್ಲಿ ಹಾಕಿ ಆ ಹಳ್ಳಿಯವನಿಗೇ ಕೊಟ್ಟುಬಿಡಿ!" ಬಾಯಲ್ಲಿದ್ದ ಬೋರೆಹಣ್ಣು ನೆಲಕ್ಕೆ ಬಿತ್ತು.

ಹಾಸಿಗೆ ದಾಟಿ ಯಜಮಾನರ ಕೈಗೆ ಪಂಜರ ಕೊಡೋಕೆ ಹೋದರೆ ಬರಲಿಲ್ಲ. ಎಲ್ಲೋ ಸಿಕ್ಕಿಕೊಂಡಿದೆ ಅಂತ ಎಳೆದೆ. ಬಗ್ಗಿ ನೋಡಿದರೆ ಪಂಜರದ ತಳದ ಬಳೆಯನ್ನ ಇವರು ಎಡಗೈಲಿ ಹಿಡಿದಿದ್ದರು. ಬೆರಳೆಲ್ಲ ಬಿಳಿಚಿಹೋಗಿದ್ದವು.

"ಬಿಡು ದೆಷುನ್," ಅಂದರು ಯಜಮಾನರು. "ಬೆಕ್ಕಿನ ನಂತರ ಪ್ರತಿ ಸಲ ಆ ಹೊಲಸು ಬರುತ್ತೆ. ಸಾಯೋವರೆಗೂ ಹೋಗಲ್ಲ."

ಇವರು ಬಿಡಲಿಲ್ಲ. ನನ್ನ ಮುಖ ನೋಡಿದರು, ಯಜಮಾನರ ಮುಖ ನೋಡಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಯ್ತು, ಗದ್ದದ ಮೇಲೆ ಜೊಲ್ಲು ಇಳೀತು, ಕತ್ತಿನ ನರ ಉಬ್ಬಿತು. ಮತ್ತೆ ಲಕ್ವ ಹೊಡೀತೇನೋ ಅಂತ ನಾನು ಹೆದರಿ ಕೂಗೋಕೆ ಹೋದೆ.

"ಚ್ಚ್," ಅಂದರು ಇವರು.

ಪಂಜರದೊಳಗಿಂದ ಅದು, "ಚ್ಚ್ ಚ್ಚ್ ಚ್ಚ್," ಅಂತು.

ಗ್ವಾನ್ ಯಜಮಾನರು ಎದ್ದು ತಮ್ಮ ಪಂಜರಕ್ಕೆ ಹೊದಿಕೆ ಸರಿಮಾಡಿಕೊಂಡರು. ಇನ್ನು ಬೇಸಿಗೇಲಿ ಮರಿಗಳು ಬರಲ್ಲ, ಗುರು ಅಂತ ಯಾರೂ ಅನ್ನಲ್ಲ. ಬಾಗಿಲವರೆಗೆ ಹೋಗಿ ನಿಂತು, "ಗಂಜಿ ಇದ್ದರೆ ಒಂದು ಬಟ್ಟಲು ಕೊಡಿ ಅತ್ತಿಗೆ," ಅಂದರು. ಕೊಟ್ಟೆ. ನಿಂತುಕೊಂಡೇ ಕುಡಿದು ಹೋದರು.

ಅವರು ಹೋದ ಮೇಲೆ ಕೇಳಿದೆ. "ನಾಲಿಗೆ ಏಳಲ್ಲ ಅಂತ ಡಾಕ್ಟರು ಹೇಳಿದ್ದು ಸುಳ್ಳಾ? ಹಾಗಾದ್ರೆ ಹೇಳಿ. ಯೂನ್ ಅಳು ಕಲಿತಿದ್ದನ್ನ ಯಾಕ್ರೀ ಕೊಟ್ಟುಬಿಟ್ರಿ ಅವತ್ತು?"

ಇವರು ಅತ್ತರು. ಅಳಲಿ ಅಂತ ಬಿಟ್ಟೆ. ಮೂವತ್ತೊಂದು ವರ್ಷ ತಡವಾಗಿ ಬಂದ ಅಳು, ಅಷ್ಟು ಬೇಗ ಯಾಕೆ ನಿಲ್ಲಬೇಕು? ಗಂಜಿ ಕುಡಿದು, ಬಟ್ಟಲು ತೊಳೆದು, ಆಮೇಲೆ ಬಂದು ಮುಖ ಒರೆಸಿದೆ.

ಕೋಪ ಇನ್ನೂ ಹೋಗಿಲ್ಲ, ಇದನ್ನ ಇಲ್ಲಿ ಸ್ಪಷ್ಟವಾಗಿ ಬರೆದಿಡ್ತಿದೀನಿ. ನಾಳೆ ಐದೂವರೆಗೆ ಏಳಬೇಕು. ತೋಟಕ್ಕೆ ಸೇರಿಸಲ್ಲ ಅಂದರೆ ಬೇಡ, ಹಳೇ ಗೋಡೆ ಪಕ್ಕ ಬಿಸಿಲು ಬೀಳೋ ಜಾಗ ಒಂದಿದೆ, ಅಲ್ಲಿಗೆ ಒಯ್ತೀನಿ. ಮೊಟ್ಟೆ ಬೇಯೋಕೆ ಇಟ್ಟಿದೀನಿ, ಎರಡು. ಒಂದರ ಹಳದಿ ನನಗೆ.